ಮೂರನೆಯ ಬೆಂಚಿನ ಬೆಳಕು

ಮೆಹದಿಪಟ್ಟಣಂ, ಹೈದರಾಬಾದ್
೧೨ ನವೆಂಬರ್ ೧೯೮೩

ಪ್ರಿಯ ರೂತ್,

ಈ ಅಕ್ಷರ ನಿನಗೆ ಗುರುತು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ನಾನು ನಲಿನಿ, ಕಾಚಿಗುಡಾದ ರಾಘವೇಂದ್ರರಾಯರ ಮಗಳು. ಶಾಲೆಯಲ್ಲಿ ಆರು ವರ್ಷ ನಿನ್ನ ಎಡಕ್ಕೆ ಕೂತವಳು. ಇಪ್ಪತ್ತಾರು ವರ್ಷದ ಮೇಲೆ ಬರೆಯುತ್ತಿದ್ದೇನೆ.

ನಾನೀಗ ಇಲ್ಲಿಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನನ್ನ ತರಗತಿಯ ಹುಡುಗಿಯೊಬ್ಬಳ ತಂದೆ ವೈಜನಾಥ ಎನ್ನುವವರು ಬೀದರಿನವರು, ಬಟ್ಟೆಯ ವ್ಯಾಪಾರಿ. ಮೊನ್ನೆ ಮಾತಿನ ನಡುವೆ, "ನಮ್ಮ ಓಣ್ಯಾಗ ರೂತ್ ಸಿಸ್ಟರ್ ಅಂತ ಅದಾರ್ರಿ. ಅವರ ಕೈಲೆ ಸೂಜಿ ಹಾಕಿಸಿದ್ರ ಕೂಸು ಅಳೂದಿಲ್ಲ" ಎಂದರು. ನಾನು ತಂದೆಯ ಹೆಸರು ಕೇಳಿದೆ. ದಾನಿಯೇಲಪ್ಪ ಎಂದರು. ಆಮೇಲೆ ಆ ದಿನ ನನಗೆ ಪಾಠ ಹೇಳಲಾಗಲಿಲ್ಲ. ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ಕಿಟಕಿಯ ಹತ್ತಿರ ಕೂತೆ.

ಚಾದರ್‌ಘಾಟಿನ ಹತ್ತಿರ ನಿಮ್ಮ ಆ ಸಣ್ಣ ಚರ್ಚು, ಅದರ ಹಿಂದಿನ ನಿಮ್ಮ ಎರಡು ಕೋಣೆಯ ಮನೆ, ಬೇವಿನ ಗಿಡ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ನಾವಿಬ್ಬರೂ ಆ ಗಿಡದ ಬುಡದಲ್ಲಿ ಬೂದಿ ಮತ್ತು ಹಳೆಯ ಚಿಂದಿ ಹಿಡಿದು ಕೂಡುತ್ತಿದ್ದೆವು. ಕರೆಂಟನ್ನು ನೆಚ್ಚುವಂತಿರಲಿಲ್ಲವಲ್ಲ, ಭಾನುವಾರದ ಸಂಜೆಯ ಪ್ರಾರ್ಥನೆಗೆ ಹನ್ನೆರಡು ಲಾಟೀನುಗಳ ಗಾಜು ಒರೆಸಬೇಕಿತ್ತು. ಚರ್ಚಿನ ಗಂಟೆ ಬಾರಿಸುವುದು, ದೀಪ ನೋಡಿಕೊಳ್ಳುವುದು ನಾನು ಕಾಕಾ ಎನ್ನುತ್ತಿದ್ದ ನಿಮ್ಮ ಅಪ್ಪನ ಕೆಲಸವಾದರೂ ಗಾಜು ಒರೆಸುವುದು ನಮ್ಮದೇ ಆಗಿತ್ತು. ನಿಮ್ಮ ಅವ್ವ ಮಾರ್ಥಮ್ಮನವರು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತಿದ್ದರು. ಅದನ್ನು ತಿಂದ ಸುದ್ದಿ ನಮ್ಮ ಮನೆಯಲ್ಲಿ ನಾನು ಎಂದೂ ಹೇಳಲಿಲ್ಲ.

ಕಾಕಾ ಪ್ರತಿ ಗಾಜನ್ನೂ ಬಿಸಿಲಿಗೆ ಎತ್ತಿ ಹಿಡಿದು ನೋಡುತ್ತಿದ್ದರು. ಒಮ್ಮೆ ನಾನು, ನಿಮ್ಮಲ್ಲಿ ದೇವರನ್ನು ಬೆಳಕು ಅಂತ ಯಾಕೆ ಕರೆಯುತ್ತಾರೆ ಎಂದು ಕೇಳಿದೆ. ನಮ್ಮ ಮನೆಯಲ್ಲೂ ಸಂಜೆ ದೀಪ ಹಚ್ಚಿ ಕೈಮುಗಿಯುತ್ತಿದ್ದೆವು, ಒಳ್ಳೆಯದನ್ನು ಕೊಡು ಎಂದು ಬೇಡುತ್ತಿದ್ದೆವು. ಅಂಥದ್ದೇ ಉತ್ತರ ಬಂದೀತೆಂದು ಕಾದಿದ್ದೆ. ಅವರು ನಕ್ಕರು. "ದೀಪ ಹಚ್ಚಿದ ಮ್ಯಾಲ ಮೊದಲ ಕಾಣೂದು ಮೂಲ್ಯಾಗಿನ ಕಸ, ಮಗಳ. ನಮ್ಮ ಕರ್ತನೂ ಹಂಗ. ಅದಕ್ಕ ಆತ ಬಂದಾಗ ಭಾಳ ಮಂದಿಗೆ ಬ್ಯಾಡಾದ" ಎಂದರು. ಆಗ ಅರ್ಥವಾಗಲಿಲ್ಲ. ಗಾಜು ಒರೆಸುವುದಷ್ಟೇ ಗೊತ್ತಿತ್ತು.

ನನ್ನ ತಂದೆ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರಿರುವ ತನಕ ನಿನಗೆ ಬರೆಯಲಾಗದ ಮಾತೊಂದು ನನ್ನಲ್ಲಿದೆ. ಅದಕ್ಕಿಂತ ಮೊದಲು ನೀನು ನನ್ನ ಕಾಗದ ಓದುತ್ತೀಯೋ ಇಲ್ಲವೋ ತಿಳಿಯಬೇಕು. ಕಾಕಾ ಹೇಗಿದ್ದಾರೆ? ಕಾಕಿ?

ನಿನ್ನ
ನಲಿನಿ


ಬೀದರ್
೨೮ ನವೆಂಬರ್ ೧೯೮೩

ನಲಿನಿ,

ಕಾಗದ ಮುಟ್ಟಿತು. ಅಕ್ಷರದ ಗುರುತು ಸಿಕ್ಕಿತು.

ಅವ್ವ ತೀರಿ ಹದಿನಾಲ್ಕು ವರ್ಷವಾಯಿತು. ಅಪ್ಪ ಇದ್ದಾನೆ. ಮೂರು ವರ್ಷದಿಂದ ಎರಡೂ ಕಣ್ಣು ಕಾಣುವುದಿಲ್ಲ. ಬೆಳಗ್ಗೆ ನಾನು ಆಸ್ಪತ್ರೆಗೆ ಹೋಗುವಾಗ ಪಡಸಾಲೆಯ ಬಿಸಿಲಿನಲ್ಲಿ ಕೂಡಿಸಿ ಹೋಗುತ್ತೇನೆ. ಬಿಸಿಲು ಸರಿದಂತೆ ತಾನೂ ಗೋಡೆ ಹಿಡಿದು ಸರಿಯುತ್ತಾನೆ.

ನಿನಗೆ ನೆನಪಿರುವುದು ಬೇವಿನ ಗಿಡ ಮತ್ತು ಲಾಟೀನು. ನನಗೆ ನೆನಪಿರುವುದು ಆ ಕ್ರಿಸ್ಮಸ್ ಕಳೆದ ಮೇಲಿನ ಎರಡು ವಾರ. ಚರ್ಚಿಗೆ ಬೆಂಕಿ ಬಿದ್ದು ಚಾವಣಿ ಕುಸಿಯಿತು. ಅಪ್ಪ ಕುಡಿದು ದೀಪ ಆರಿಸದೆ ಹೋದ ಎಂದು ಸಭೆಯ ಹಿರಿಯರು ತೀರ್ಪು ಕೊಟ್ಟರು. ಕೆಲಸ ಹೋಯಿತು, ಮನೆಯೂ ಹೋಯಿತು. ಗೌಳಿಗುಡಾ ಬಸ್ ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತು ಎರಡು ತಾಸು ನಿನಗಾಗಿ ಕಾದೆ. ಕಾಚಿಗುಡಾದಿಂದ ಅಲ್ಲಿಗೆ ನಡೆದುಕೊಂಡು ಬರಬಹುದಿತ್ತು. ನೀನು ಬರಲಿಲ್ಲ. ಕುಡುಕನ ಮಗಳ ಗೆಳೆತನ ರಾಯರ ಮನೆಗೆ ಬೇಡವಾಯಿತೆಂದು ತಿಳಿದುಕೊಂಡೆ. ಅಂದಿನಿಂದ ಹಾಗೆಯೇ ತಿಳಿದಿದ್ದೇನೆ.

ಏನು ಹೇಳುವುದಿದ್ದರೂ ನೇರವಾಗಿ ಬರೆ. ಸುತ್ತಿ ಬಳಸಿ ಓದುವಷ್ಟು ಹೊತ್ತು ನನಗಿರುವುದಿಲ್ಲ.

ರೂತ್ ದಾನಿಯೇಲ್


ಮೆಹದಿಪಟ್ಟಣಂ
೧೧ ಡಿಸೆಂಬರ್ ೧೯೮೩

ಪ್ರಿಯ ರೂತ್,

ನೇರವಾಗಿಯೇ ಬರೆಯುತ್ತೇನೆ. ಆ ಬೆಂಕಿ ಹತ್ತಿದ್ದು ನನ್ನ ಮೇಣದಬತ್ತಿಯಿಂದ.

ಆ ಕ್ರಿಸ್ಮಸ್‌ನ ಹಿಂದಿನ ಸಂಜೆ ಮನೆಯಲ್ಲಿ, ರೂತ್ ಜೊತೆ ಪರೀಕ್ಷೆಗೆ ಓದುತ್ತೇನೆ ಎಂದು ಹೇಳಿ ಬಂದಿದ್ದೆ. ನೀನು ಮುಂದೆ ಹಾಡುವವರ ಸಾಲಿನಲ್ಲಿದ್ದೆ. ನಾನು ಮೂರನೆಯ ಬೆಂಚಿನ ತುದಿಗೆ, ಪಕ್ಕದ ಬಾಗಿಲಿನ ಪರದೆಗೆ ತಾಗಿ ನಿಂತಿದ್ದೆ. ಲಾಟೀನುಗಳನ್ನೆಲ್ಲ ತಗ್ಗಿಸಿದ ಮೇಲೆ ಸಭಾಪಾಲಕರು ನಡುವಿನ ದೊಡ್ಡ ಬತ್ತಿ ಹೊತ್ತಿಸಿದರು. ಅದರಿಂದ ಒಬ್ಬರು, ಅವರಿಂದ ಇನ್ನೊಬ್ಬರು. ನಿಮ್ಮ ಅವ್ವ ನನ್ನ ಬತ್ತಿಗೆ ತಮ್ಮ ಬತ್ತಿಯನ್ನು ಬಾಗಿಸಿದರು. ಕೊಟ್ಟವರ ಬೆಳಕು ಕಡಿಮೆಯಾಗದೆ ನನ್ನ ಕೈಗೂ ಬೆಳಕು ಬಂತು. ಇಡೀ ಚರ್ಚು ನಿಧಾನವಾಗಿ ಬೆಳಗಾದಂತೆ ಕಂಡಿತು. ಅಷ್ಟು ಚಂದದ್ದನ್ನು ನಾನು ಆಮೇಲೆ ಎಲ್ಲಿಯೂ ನೋಡಿಲ್ಲ.

ಆಗ ದೊಡ್ಡ ಬಾಗಿಲಲ್ಲಿ ನನ್ನ ತಂದೆ ಕಂಡರು. ಕಚೇರಿಯ ಕರಿ ಟೋಪಿ ಇನ್ನೂ ತಲೆಯ ಮೇಲಿತ್ತು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ನನ್ನನ್ನು ಹುಡುಕುತ್ತಿದ್ದರು. ಎಲ್ಲರ ಮುಖದ ಮುಂದೆಯೂ ದೀಪವಿತ್ತಲ್ಲ, ಹುಡುಕುವುದು ಕಷ್ಟವಿರಲಿಲ್ಲ. ನನ್ನ ಮುಖ ಅಡಗಿಸಬೇಕೆಂದರೆ ಮೊದಲು ಕೈಯಲ್ಲಿದ್ದ ಬೆಳಕನ್ನು ಅಡಗಿಸಬೇಕಿತ್ತು. ನಾನು ಬಗ್ಗಿ, ಹುಡುಗರು ಕೂಡಲು ಸುತ್ತಿಟ್ಟಿದ್ದ ಚಾಪೆಗಳ ಹಿಂದೆ, ಬೆಂಚಿನ ಕೆಳಗೆ ಬತ್ತಿಯನ್ನು ನಿಲ್ಲಿಸಿದೆ. ಊದಲಿಲ್ಲ. ಊದಿದರೆ ಹೊಗೆ ಏಳುತ್ತದೆ, ಪಕ್ಕದವರು ತಿರುಗಿ ನೋಡುತ್ತಾರೆ ಎನ್ನಿಸಿತು. ಪರದೆ ಸರಿಸಿ ಹೊರಗೆ ಓಡಿದೆ.

ತಂದೆ ಗಲ್ಲಿಯಲ್ಲಿ ನನ್ನನ್ನು ಹಿಡಿದರು. ಬಯ್ಯಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, "ಕೈಯಾಗಿನ ದೀಪ ಆರಿಸಿ ಬಂದಿಯೇನು?" ಎಂದು ಕೇಳಿದರು.

"ಹೂಂ" ಎಂದೆ.

ಆಗ ತಿರುಗಿ ಹೋಗಿದ್ದರೆ ಐದು ನಿಮಿಷದ ದಾರಿ. ನೀವೆಲ್ಲ ಹಿತ್ತಲಿನ ಶಾಮಿಯಾನದಲ್ಲಿ ಊಟಕ್ಕೆ ಕೂತಿದ್ದಿರಬೇಕು.

ಮರುದಿನ ಹಾಲಿನವಳು ಸುದ್ದಿ ತಂದಳು. ನಾನು ತಂದೆಗೆ ನಿಜ ಹೇಳಿದೆ. ಮೂರನೆಯ ದಿನ ಕರೆದು ಹೇಳಿದರು: "ಈ ಮಾತು ಹೊರಗ ಬಂದ್ರ ನಿನ್ನ ಲಗ್ನ ಹ್ಯಾಂಗ ಆಗ್ತದ? ಆ ಮನುಷ್ಯಾಗ ಮತ್ತೊಂದು ನೌಕರಿ ಸಿಗ್ತದ. ನಿನಗ ಮತ್ತೊಂದು ಹೆಸರು ಸಿಗೂದಿಲ್ಲ. ನಾ ಇರೋತನಕ ಬಾಯಿ ಬಿಡಬ್ಯಾಡ." ಅವರು ಕೆಟ್ಟ ಮನುಷ್ಯರಲ್ಲ, ರೂತ್. ಇಡೀ ಜನ್ಮದಲ್ಲಿ ಒಂದು ಕಾಗದದ ಮೇಲೂ ಸುಳ್ಳು ರುಜು ಹಾಕಿದವರಲ್ಲ. ತೀರಿಕೊಳ್ಳುವ ಒಂದು ವಾರ ಮೊದಲು, ನಾನು ಗಂಜಿ ಕುಡಿಸುವಾಗ, "ಆ ಚರ್ಚಿನಾವ ಎಲ್ಲಿದ್ದಾನ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಮುಖ ಗೋಡೆಗೆ ತಿರುಗಿಸಿಕೊಂಡರು.

ನೀನು ಟ್ರಂಕಿನ ಮೇಲೆ ಕೂತಿದ್ದ ದಿನ ನಾನು ಮನೆಯಲ್ಲೇ ಇದ್ದೆ. ಯಾವ ಬಸ್ಸು, ಎಷ್ಟು ಗಂಟೆಗೆ ಎನ್ನುವುದೂ ಗೊತ್ತಿತ್ತು. ನಿನ್ನ ಮುಖ ನೋಡಿದರೆ ಹೇಳಿಬಿಡುತ್ತೇನೆಂದು ಬರಲಿಲ್ಲ.

ಕ್ಷಮೆ ಕೇಳಲು ಬರೆದದ್ದಲ್ಲ. ಕೇಳುವ ಮುಖ ನನಗಿಲ್ಲ. ಕಾಕಾನಿಗೆ ಓದಿ ಹೇಳು.

ನಲಿನಿ


ಮೆಹದಿಪಟ್ಟಣಂ
೨೦ ಜನವರಿ ೧೯೮೪

ರೂತ್,

ಕ್ರಿಸ್ಮಸ್ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ನಿನ್ನಿಂದ ಕಾಗದವಿಲ್ಲ. ವೈಜನಾಥರು ಊರಿಗೆ ಹೋಗಿ ಬಂದವರು, ನೀವಿಬ್ಬರೂ ಆರೋಗ್ಯವಾಗಿದ್ದೀರಿ ಎಂದರು. ಅಷ್ಟು ಸಾಕು. ನೀನು ಬರೆಯದಿದ್ದರೂ ನನ್ನ ವಿಳಾಸ ಬದಲಾಗುವುದಿಲ್ಲ.

ನಲಿನಿ


ಬೀದರ್
೯ ಫೆಬ್ರುವರಿ ೧೯೮೪

ನಲಿನಿ,

ನಿನ್ನ ಕಾಗದವನ್ನು ಆರು ವಾರ ಹಾಸಿಗೆಯ ಕೆಳಗೆ ಇಟ್ಟಿದ್ದೆ. ಸುಟ್ಟುಬಿಡಬೇಕೆಂದು ಎರಡು ಸಲ ಒಲೆಯ ಮುಂದೆ ಕೂತೆ. ಒಂದು "ಹೂಂ" ಅಂದೆಯಲ್ಲ, ಅದರ ಲೆಕ್ಕ ನಿನಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಅವ್ವ ಇಲ್ಲಿ ಆಸ್ಪತ್ರೆಯಲ್ಲಿ ನೆಲ ಒರೆಸಿದಳು. ಯಾರಾದರೂ ಹೈದರಾಬಾದಿನ ಮಾತು ತೆಗೆದರೆ, "ನನ್ನ ಗಂಡ ಅವತ್ತು ಕುಡದಿದ್ದಿಲ್ಲ" ಎಂದು ಕೇಳದವರಿಗೂ ಹೇಳುತ್ತಿದ್ದಳು. ಸಾಯುವ ತನಕ ಹೇಳಿದಳು. ನನಗೆ ಇಪ್ಪತ್ತೆರಡು ವರ್ಷವಿದ್ದಾಗ ರಾಯಚೂರಿನ ಒಬ್ಬ ಮಾಸ್ತರರ ಜೊತೆ ಮದುವೆ ಗೊತ್ತಾಗಿತ್ತು. ಒಳ್ಳೆಯವರು, ನನಗೂ ಮನಸ್ಸಿತ್ತು. ಅವರ ಮನೆಯವರು ಹೇಳಿದರು, ಚರ್ಚಿಗೆ ಬೆಂಕಿ ಹಚ್ಚಿದವ ಮದುವೆಯ ದಿನ ಚರ್ಚಿನೊಳಗೆ ಬರಬಾರದು ಎಂದು. ನಾನು ಆ ಮದುವೆ ಬೇಡವೆಂದೆ. ನಮ್ಮಪ್ಪ ಸುಳ್ಳು ಹೇಳುವವನಲ್ಲ ಎಂದೆ. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ.

ಇದನ್ನೆಲ್ಲ ಓದುವಾಗ ನಿನಗೆ ನೋವಾದರೆ ಆಗಲಿ.

ಹೋದ ಭಾನುವಾರ ಅಪ್ಪನಿಗೆ ಕಾಗದ ಓದಿದೆ. ಮೂರನೆಯ ಬೆಂಚಿನ ಮಾತು ಬಂದಲ್ಲಿ ನಿಲ್ಲಿಸಿ, "ಎಡಕೋ ಬಲಕೋ?" ಎಂದ. ಮತ್ತೆ ಓದಿಸಿದ. "ಬಗ್ಗಿ ನೋಡಿದ್ರ ಕಾಣ್ತಿತ್ತು" ಎಂದ. ತನ್ನದಲ್ಲದ ತಪ್ಪನ್ನು ಈಗಲೂ ತಲೆಗೆ ಕಟ್ಟಿಕೊಳ್ಳುತ್ತಾನಲ್ಲ ಎಂದು ನನಗೆ ಸಿಟ್ಟು ಬಂತು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ನನ್ನ ಕೈಯಲ್ಲಿ ಇದನ್ನು ಬರೆಸಿದ. ಅವನ ಮಾತನ್ನು ಅವನು ಹೇಳಿದ ಹಾಗೆಯೇ ಬರೆದಿದ್ದೇನೆ:

"ನಲಿನಿ ಮಗಳ, ನಿನ್ನ ಕಾಗದ ಕೇಳಿದೆ. ಹದಿನೈದು ವರ್ಷದ ಹುಡುಗಿ ಅಪ್ಪಗ ಅಂಜಿ ಮಾಡಿದ್ದು, ಅದರ ಸಲುವಾಗಿ ನನಗ ಸಿಟ್ಟಿಲ್ಲ. ಆಮ್ಯಾಲ ಇಷ್ಟು ವರ್ಷ ಸುಮ್ಮ ಇದ್ದಿ, ಅದರ ಸಲುವಾಗಿ ಐತಿ. ಕಾಗದದಾಗ ಬರದ್ರ ನನಗ ಮತ್ತ ರೂತಗ ಅಷ್ಟ ಗೊತ್ತಾತು. ನನ್ನ ತಲಿ ತಗ್ಗಿಸಿದ್ದು ಅಲ್ಲಿ, ಆ ಚರ್ಚಿನ್ಯಾಗ, ಮಂದಿ ಮುಂದ. ನೀ ಅಲ್ಲೇ ಹೇಳಬೇಕು. ಈಸ್ಟರ್, ಪುನರುತ್ಥಾನದ ಹಬ್ಬದ ದಿನ ನಸುಕಿನ್ಯಾಗ ಪ್ರಾರ್ಥನಿ ಇರ್ತೈತಿ. ನಾ ಬರ್ತೀನಿ. ನೀ ಬಾ. ನಿನ್ನ ಮನ್ಯಾಗ ಕೇಳಿ ಬಾ, ಕದ್ದು ಬರಬ್ಯಾಡ."

ರೂತ್


ಮೆಹದಿಪಟ್ಟಣಂ
೪ ಮಾರ್ಚ್ ೧೯೮೪

ಪ್ರಿಯ ರೂತ್,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ರಾಯಚೂರಿನ ಮಾಸ್ತರರ ಮಾತು ಬಂದಲ್ಲಿ ಪ್ರತಿ ಸಲವೂ ನಿಲ್ಲುತ್ತೇನೆ. ಅದಕ್ಕೆ ನಾನು ಏನು ಬರೆದರೂ ಸಣ್ಣದಾಗುತ್ತದೆ. ಆದ್ದರಿಂದ ಬರೆಯುವುದಿಲ್ಲ.

ಕದ್ದು ಬರಬ್ಯಾಡ ಎಂದರಲ್ಲ ಕಾಕಾ, ಆ ಮಾತೇ ನನಗೆ ಕಷ್ಟವಾಯಿತು. ನನ್ನ ಯಜಮಾನರು, ಪ್ರಾಣೇಶ, ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಾರೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾನು ಅವರಿಗೆ ಈ ಮಾತು ಹೇಳಿಲ್ಲ. ಮೊನ್ನೆ ಭಾನುವಾರ ಅವರು ಸ್ಕೂಟರ್ ಒರೆಸುತ್ತಿದ್ದಾಗ ಹೇಳಿದೆ. ಒರೆಸುವುದನ್ನು ನಿಲ್ಲಿಸಲಿಲ್ಲ. ಎಲ್ಲ ಕೇಳಿದ ಮೇಲೆ, "ನಿಮ್ಮಪ್ಪ ಹೇಳಬ್ಯಾಡ ಅಂದ್ರು, ಸರಿ. ನಾ ಯಾವತ್ತು ಅಂದಿದ್ದೆ?" ಎಂದರು.

ಅತ್ತೆಯವರು, ತುಳಸಾಬಾಯಿ, ಒಳಗಿನಿಂದ ಕೇಳಿಸಿಕೊಂಡಿದ್ದರು. ಚರ್ಚಿನಲ್ಲಿ ಎದ್ದು ನಿಂತು ಹೇಳಿಕೊಳ್ಳುವುದು ಯಾವ ಊರಿನ ಪದ್ಧತಿ, ಮನೆತನದ ಹೆಸರು ಏನಾಗಬೇಕು ಎಂದು ನಾಲ್ಕು ದಿನ ಅದೇ ಮಾತು. ಐದನೆಯ ದಿನ ಪ್ರಾಣೇಶರೇ ಹೇಳಿದರು: "ಅವ್ವ, ನಮ್ಮ ಮನ್ಯಾಗೂ ಸಂಜಿಮುಂದ ದೀಪ ಹಚ್ಚತೀವಿ. ಅದರ ಮುಂದ ಕೂತು ಆಕಿ ಇಪ್ಪತ್ತು ವರ್ಷ ಏನು ವಿಚಾರ ಮಾಡ್ತಿದ್ಲೋ ಏನೋ. ಹೋಗಿ ಬರಲಿ." ನನ್ನನ್ನು ಬಿಡಲು ಬರುತ್ತಾರಂತೆ. ಒಳಗೆ ಮಾತ್ರ ಬರುವುದಿಲ್ಲವಂತೆ.

ಚರ್ಚಿಗೆ ಹೋಗಿ ವಿಚಾರಿಸಿಕೊಂಡು ಬಂದೆ. ಚಾವಣಿ ಈಗ ಸಿಮೆಂಟಿನದು. ಬೇವಿನ ಗಿಡವಿಲ್ಲ, ಆ ಜಾಗದಲ್ಲಿ ಸೈಕಲ್ ನಿಲ್ಲಿಸುತ್ತಾರೆ. ಕನ್ನಡದವರು ಮೂವತ್ತು ಮನೆ ಉಳಿದಿದ್ದಾರೆ, ಅವರ ಪ್ರಾರ್ಥನೆ ಮುಗಿದ ಮೇಲೆ ತೆಲುಗಿನವರದ್ದು. ಹಿರಿಯರಲ್ಲಿ ಸಮುವೇಲಪ್ಪನವರು ಇನ್ನೂ ಇದ್ದಾರೆ, ಅಂದು ತೀರ್ಪು ಕೊಟ್ಟವರಲ್ಲಿ ಒಬ್ಬರು. ಸಾಕ್ಷಿ ಹೇಳಬೇಕು, ಅವಕಾಶ ಕೊಡಿ ಎಂದೆ. ಹೊರಗಿನವರಿಗೆ ಕೊಡುವುದಿಲ್ಲ ಎಂದರು. ದಾನಿಯೇಲಪ್ಪನವರೂ ಬರುತ್ತಾರೆ ಎಂದೆ. ಕೈಯಲ್ಲಿದ್ದ ಕೀರ್ತನೆಯ ಪುಸ್ತಕ ಮುಚ್ಚಿ, "ಬರ್ರಿ" ಎಂದರು.

ನೀನೂ ಬರುತ್ತೀಯಲ್ಲ?

ನಲಿನಿ


ಬೀದರ್
೧೫ ಏಪ್ರಿಲ್ ೧೯೮೪

ನಲಿನಿ,

ಅಪ್ಪ ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಾನೆ. ನಮ್ಮ ನೆರೆಮನೆಯ ಬಂಡೆಪ್ಪ ಜೊತೆಗಿರುತ್ತಾನೆ, ಆಸ್ಪತ್ರೆಯ ಡ್ರೈವರಾಗಿದ್ದವನು. ಸಮುವೇಲಪ್ಪನವರ ಮನೆಯಲ್ಲಿ ಇಳಿಯುತ್ತಾರೆ. ಅವರೇ ಕಾಗದ ಬರೆದು ಕರೆದರು.

ನಾನು ಬರುವುದಿಲ್ಲ. ಆಸ್ಪತ್ರೆಯಲ್ಲಿ ಕೆಲಸವಿದೆ ಎಂದು ಅಪ್ಪನಿಗೆ ಹೇಳಿದ್ದೇನೆ. ನಿನಗೆ ನಿಜ ಹೇಳುತ್ತೇನೆ: ಆ ಕಟ್ಟಡದೊಳಗೆ ಕಾಲಿಡಲು ನನಗಿನ್ನೂ ಆಗುವುದಿಲ್ಲ. ನಿನ್ನ ಮುಖ ನೋಡಲು ಆದೀತೋ ಏನೋ ಅದೂ ಗೊತ್ತಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ ಇದೆ. ಚಹಾ ಸಪ್ಪಗೆ ಕೊಡಬೇಕು. ಮೆಟ್ಟಿಲಿರುವಲ್ಲಿ ಮೊದಲೇ ಹೇಳಬೇಕು. ಏನಾಯಿತೆಂದು ಬರೆ.

ರೂತ್


ಮೆಹದಿಪಟ್ಟಣಂ
೨೩ ಏಪ್ರಿಲ್ ೧೯೮೪

ಪ್ರಿಯ ರೂತ್,

ಈ ಕಾಗದವನ್ನು ಕೂತು ಓದು. ಕೆಲಸದ ನಡುವೆ ಬೇಡ.

ನಾವು ಹೋದಾಗ ಇನ್ನೂ ನಸುಕು. ಬೀದಿಯ ಟ್ಯೂಬ್‌ಲೈಟುಗಳು ಉರಿಯುತ್ತಿದ್ದವು. ಚರ್ಚಿನೊಳಗೆ ಮಾತ್ರ ಒಂದು ದೀಪವೂ ಇರಲಿಲ್ಲ, ಬೇಕೆಂದೇ ಆರಿಸಿದ್ದರು. ಮೂವತ್ತು ಮೂವತ್ತೈದು ಜನ ಕತ್ತಲೆಯಲ್ಲಿ ಕೂತಿದ್ದರು. ಕಾಕಾ ಮೊದಲ ಸಾಲಿನಲ್ಲಿದ್ದರು. ನಾನು ಹೋಗಿ ಹೆಸರು ಹೇಳಿದೆ. ಕೈಯಿಂದ ನನ್ನ ಮುಖ ಮುಟ್ಟಿ ನೋಡಿ, "ದೊಡ್ಡಾಕಿ ಆಗಿ" ಎಂದರು. ಅಷ್ಟೇ.

ದೊಡ್ಡ ಬತ್ತಿಯನ್ನು ಬಾಗಿಲ ಹೊರಗೆ ಹೊತ್ತಿಸಿ ಒಳಗೆ ತಂದರು. ಸತ್ತವನು ಎದ್ದ, ಬೆಳಕು ಗೆದ್ದಿತು ಎನ್ನುವ ಅರ್ಥದ ಕೀರ್ತನೆ ಹಾಡಿದರು. ಎಲ್ಲರ ಕೈಗೂ ಬೆಳಕು ಹೋಯಿತು. ಕಾಕಾನ ಕೈಗೂ ಒಂದು ಬತ್ತಿ ಕೊಟ್ಟರು. ಕಣ್ಣಿಲ್ಲದವರಿಗೆ ಯಾಕೆ ಎಂದು ಯಾರೋ ಪಿಸುಗುಟ್ಟಿದ್ದು ಕೇಳಿತು. ಅವರು ಅದನ್ನು ಎದೆಯ ಹತ್ತಿರ ಹಿಡಿದುಕೊಂಡರು.

ಆಮೇಲೆ ಸಮುವೇಲಪ್ಪನವರು ನನ್ನನ್ನು ಕರೆದರು. ದಿನಾಲು ನಲವತ್ತು ಮಕ್ಕಳ ಮುಂದೆ ನಿಂತು ಮಾತಾಡುವವಳು ನಾನು, ಅಲ್ಲಿ ಮೊದಲ ವಾಕ್ಯವನ್ನು ಎರಡು ಸಲ ಶುರು ಮಾಡಬೇಕಾಯಿತು. ನಿನಗೆ ಬರೆದದ್ದನ್ನೇ ಹೇಳಿದೆ. ಬೆಂಚು, ಚಾಪೆ, ತಂದೆ ಕೇಳಿದ್ದು, ನಾನು ಹೇಳಿದ್ದು. ಇಡೀ ತಪ್ಪು ನನ್ನದು, ದಾನಿಯೇಲಪ್ಪನವರದು ಏನೂ ಇಲ್ಲ ಎಂದೆ. ಅರ್ಧ ಜನಕ್ಕೆ ಆ ಬೆಂಕಿಯ ಸುದ್ದಿಯೇ ಗೊತ್ತಿರಲಿಲ್ಲ. ಒಬ್ಬ ಹುಡುಗಿ ಆಕಳಿಸುತ್ತಿದ್ದಳು. ಸಮುವೇಲಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. "ನಮ್ಮಿಂದ ತಪ್ಪಾಗೇದ್ರಿ, ದಾನಿಯೇಲಪ್ಪ" ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಕಾಕಾ ಬೆಂಚು ಹಿಡಿದು ಎದ್ದು ನಿಂತರು. ಅವರು ಹೇಳಿದ ಮಾತು ನನಗೆ ಒಂದೂ ಮರೆತಿಲ್ಲ, ಹಾಗೆಯೇ ಬರೆಯುತ್ತೇನೆ.

"ಈಕಿ ಹೇಳಿದ್ದು ಖರೆ ಐತಿ. ಈಗ ನಾ ಹೇಳೂದೂ ಕೇಳ್ರಿ. ಅವತ್ತು ಮಧ್ಯಾಹ್ನ ನಾ ಸೇಂದಿ ಕುಡದಿದ್ದೆ. ಹಬ್ಬ ಅಂತ ಕುಡದೆ. ಭಾಳ ಅಲ್ಲ, ಆದ್ರ ತಲಿ ಭಾರ ಆಗಿತ್ತು. ಮಂದಿ ಊಟಕ್ಕ ಹ್ವಾದ ಮ್ಯಾಲ ಬೆಂಚ್ ಬೆಂಚಿಗೂ ಬಗ್ಗಿ ನೋಡೂದು ನನ್ನ ಕೆಲಸ. ನಾ ನೋಡಲಿಲ್ಲ. ಬಾಗಲದಾಗ ನಿಂತು ಕಣ್ಣಾಡಿಸಿ ಹೋಗಿ ಉಣ್ಣಾಕ ಕುಂತೆ. ಆಮ್ಯಾಲ ಇಲ್ಲೇ, ಬೆಂಕಿ ಆರಸಾಕ ಹೋಗಿ ಸುಟ್ಟ ಕೈ ಎತ್ತಿ, ಕುಡದಿಲ್ಲ, ಎಲ್ಲಾ ನೋಡೀನಿ ಅಂತ ಆಣಿ ಮಾಡಿದೆ. ನನ್ನ ಹೆಂಡತಿ ಅದನ್ನ ನಂಬಿಕೊಂಡ ಸತ್ಲು."

ಅವರು ನನ್ನ ಕಡೆ ತಿರುಗಿದರು, ದಿಕ್ಕು ಸ್ವಲ್ಪ ತಪ್ಪಿತ್ತು.

"ನಾ ಇದನ್ನ ಹೇಳಾಕ ಬಂದಿದ್ದಿಲ್ಲ, ಮಗಳ. ನೀ ಹೇಳೂದು ಕೇಳಿ, ತಲಿ ಎತ್ತಿ, ಹಂಗ ಬಸ್ ಹತ್ತಬೇಕಂತ ಬಂದಿದ್ದೆ. ಈ ಬತ್ತಿ ಕೈಯಾಗ ಕೊಟ್ರು. ಅದರ ಕಾವು ಮಾರಿಗೆ ಬಡೀತು. ಎಲ್ಲಾರೂ ನನ್ನ ನೋಡಾಕತ್ತಾರ ಅನ್ನಸ್ತು. ಮಂದಿ ನೋಡಿದ್ರ ನೋಡಲಿ, ಅದಲ್ಲ."

ಹಾಗೆಯೇ ಕೂತರು. ಬತ್ತಿ ಆರಿರಲಿಲ್ಲ, ಮೇಣ ಬೆರಳ ಮೇಲೆ ಇಳಿಯುತ್ತಿತ್ತು. ಅದನ್ನು ತೆಗೆದುಕೊಳ್ಳಲು ಯಾರೋ ಬಂದರು. ನೋಡಿದರೆ ಪ್ರಾಣೇಶ. ಯಾವಾಗ ಒಳಗೆ ಬಂದಿದ್ದರೋ ನನಗೆ ಗೊತ್ತಾಗಲಿಲ್ಲ.

ಹೊರಗೆ ಬಂದಾಗ ಚೆನ್ನಾಗಿ ಬೆಳಗಾಗಿತ್ತು. ತೆಲುಗಿನವರು ಕೀರ್ತನೆಯ ಪುಸ್ತಕ ಹಿಡಿದು ಗೇಟಿನಲ್ಲಿ ಕಾಯುತ್ತಿದ್ದರು. ಕಾಕಾನನ್ನು ಕಟ್ಟೆಯ ಮೇಲೆ ಕೂಡಿಸಿ ಸಪ್ಪಗಿನ ಚಹಾ ಕೊಟ್ಟೆ. ಬಿಸಿಲಿಗೆ ಮುಖ ಮಾಡಿ ಕೂತು ಹೇಳಿದರು: "ಬೆಳಕು ಬಂದ್ರ ಮೂಲ್ಯಾಗಿನ ಕಸ ಕಾಣ್ತೈತಿ ಅಂತ ನಿನಗ ಹೇಳಿದ್ದೆ, ಬರೇ ಅಷ್ಟ ಅಲ್ಲ. ಅದು ಡಾಕ್ಟರ್ ಬ್ಯಾಟರಿ ಇದ್ದಂಗ ಐತಿ. ಗಾಯ ಎಲ್ಲೈತಿ ಅಲ್ಲೇ ಬಿಡ್ತಾನ. ನೋಡದ ಮದ್ದು ಹ್ಯಾಂಗ ಹಚ್ಚಬೇಕು ಆತ?" ಚಹಾ ಮುಗಿಸಿದ ಮೇಲೆ, "ಇದನ್ನ ರೂತಗ ನೀ ಬರಿ. ನನ್ನ ಬಾಯಿಲೆ ಆಗೂದಿಲ್ಲ. ನನ್ನ ಆಣಿ ನಂಬಿ ಲಗ್ನ ಬಿಟ್ಟಾಕಿ ಆಕಿ. ಬಾ ಅಂದ್ರ ಹೋಗ್ತೀನಿ. ಅನ್ನದಿದ್ರ ಇಲ್ಲೇ ಎಲ್ಲ್ಯರ ಬಿದ್ದಿರ್ತೀನಿ" ಎಂದರು. ಬಂಡೆಪ್ಪ ಎಷ್ಟು ಹೇಳಿದರೂ ಬಸ್ಸಿಗೆ ಏಳಲಿಲ್ಲ. ಸಮುವೇಲಪ್ಪನವರ ಮನೆಯಲ್ಲಿದ್ದಾರೆ.

ನಿನಗೆ ಇದನ್ನು ಬರೆಯಬಾರದೆಂದು ಒಂದು ದಿನ ಯೋಚಿಸಿದೆ. ನಿನ್ನಿಂದ ಇನ್ನೊಂದನ್ನು ಕಿತ್ತುಕೊಂಡಂತೆ ಅನ್ನಿಸಿತು. ಆದರೆ ಸುಮ್ಮನಿರುವುದು ಎಂಥದ್ದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅದಕ್ಕೆ ಬರೆದೆ. ನಾನು ದಿನಾಲು ಶಾಲೆ ಬಿಟ್ಟ ಮೇಲೆ ಹೋಗಿ ಅವರನ್ನು ನೋಡಿ ಬರುತ್ತೇನೆ.

ನಿನ್ನ
ನಲಿನಿ


ಬೀದರ್
೬ ಮೇ ೧೯೮೪

ಪ್ರಿಯ ನಲಿನಿ,

ಕೂತು ಓದು ಎಂದಿದ್ದೆ. ಔಷಧದ ಕೋಣೆಯಲ್ಲಿ ನಿಂತೇ ಓದಿದೆ. ಓದಿದ ಮೇಲೆ ನನಗೆ ಸಿಟ್ಟು ಬಂದದ್ದು ಅಪ್ಪನ ಮೇಲಲ್ಲ, ನಿನ್ನ ಮೇಲೆ. ನೀನು ಎರಡು ಸಲ ಬರೆದೆ, ಎರಡು ಸಲವೂ ನನ್ನ ಕಾಲ ಕೆಳಗಿನ ನೆಲವನ್ನು ಎಳೆದೆ ಎಂದು. ಮನೆಯಲ್ಲಿ ಅಪ್ಪನಿರಲಿಲ್ಲ. ಸರಿದು ಕೂಡುವವರಿಲ್ಲದೆ ಪಡಸಾಲೆಯ ಬಿಸಿಲು ಸುಮ್ಮನೆ ಬಂದು ಹೋಗುತ್ತಿತ್ತು.

ಮೊನ್ನೆ ಆಸ್ಪತ್ರೆಗೆ ಒಬ್ಬ ಮುದುಕನನ್ನು ತಂದರು. ಕುಡಿದು ಒಲೆಯ ಮೇಲೆ ಬಿದ್ದು ಕೈ ಸುಟ್ಟುಕೊಂಡಿದ್ದ. ಮುಲಾಮು ಹಚ್ಚಲು ಬಗ್ಗಿದೆ. ಸುಟ್ಟ ಚರ್ಮದ ವಾಸನೆ, ಅದರ ಜೊತೆ ಬಾಯಿಂದ ಹುಳಿ ವಾಸನೆ. ನಲಿನಿ, ಆ ಎರಡು ವಾಸನೆಗಳನ್ನು ನಾನು ಮೊದಲೇ ಒಟ್ಟಿಗೆ ಮೂಸಿದ್ದೇನೆ. ಅವತ್ತು ಅಪ್ಪನ ಕೈಗೆ ಕೊಬ್ಬರಿ ಎಣ್ಣೆ ಸವರಿದವಳು ನಾನೇ. "ಯಾಕ ಮಾರಿ ತಿರುವ್ತಿ?" ಎಂದು ಅವ್ವ ಕೇಳಿದಳು. "ಹೊಗಿ" ಎಂದೆ. ಅದು ಹೊಗೆಯೇ ಎಂದು ನನಗೂ ಹೇಳಿಕೊಂಡೆ. ಹದಿನೈದು ವರ್ಷದವಳಿಗೆ ಏನು ತಿಳಿಯುತ್ತದೆ ಎಂದು ಆಮೇಲೆ ಹೇಳಿಕೊಂಡೆ. ನನಗೆ ಗೊತ್ತಿತ್ತೋ ಇಲ್ಲವೋ ಈಗಲೂ ಖಂಡಿತವಾಗಿ ಹೇಳಲಾರೆ. ತಿಳಿದುಕೊಳ್ಳದೆ ಇರಲು ಬಹಳ ಕಷ್ಟಪಟ್ಟೆ, ಅದು ಮಾತ್ರ ನಿಜ. ಅಪ್ಪ ಸುಳ್ಳು ಹೇಳುವವನಲ್ಲ ಎಂದು ರಾಯಚೂರಿನವರ ಮುಂದೆ ಅಷ್ಟು ಜೋರಾಗಿ ಯಾಕೆ ಹೇಳಿದೆ ಎನ್ನುವುದು ಈಗ ಸ್ವಲ್ಪ ತಿಳಿಯುತ್ತಿದೆ.

ಅವನು ಆಣೆ ಮಾಡಿದ್ದು ಒಂದು ಸಲ. ನಾನು ಅದನ್ನು ದಿನಾಲು ಅವನ ಕೊರಳಿಗೆ ಕಟ್ಟಿದೆ. ಇಂಥ ಮಗಳ ಮುಂದೆ ಅವನು ಬಾಯಿ ಬಿಡುವುದಾದರೂ ಹೇಗೆ?

ನಿನ್ನ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ. ಅವ್ವನ ವಿಷಯದಲ್ಲಿ ಅದು ಎಂದೂ ಹೋಗದೇನೋ. ಆದರೆ ನಿನ್ನ ಕಾಗದ ಬರದ ದಿನಗಳಲ್ಲಿ ಟಪಾಲಿನವನ ದಾರಿ ನೋಡುತ್ತಿದ್ದೆ. ಇದನ್ನೂ ಹೇಳಿಬಿಡುತ್ತೇನೆ.

ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಜಹೀರಾಬಾದಿನಲ್ಲಿ ತಡವಾಗದಿದ್ದರೆ ಹನ್ನೊಂದಕ್ಕೆ ಗೌಳಿಗುಡಾ ಮುಟ್ಟುತ್ತದೆ. ನೀನು ಬಾ. ನನ್ನ ಕೂದಲು ಅರ್ಧ ಬೆಳ್ಳಗಾಗಿದೆ, ದಪ್ಪಗಾಗಿದ್ದೇನೆ, ಹಸಿರು ಸೀರೆ ಉಟ್ಟಿರುತ್ತೇನೆ. ಅಲ್ಲಿಂದ ಇಬ್ಬರೂ ಸಮುವೇಲಪ್ಪನವರ ಮನೆಗೆ ಹೋಗೋಣ.

ಅಪ್ಪನಿಗೆ ನಾನು ಬರುವುದನ್ನು ಹೇಳಬೇಡ. ಒಳಗೆ ಹೋದಾಗ ನನ್ನ ಹೆಸರನ್ನೂ ಹೇಳಬೇಡ. ನನ್ನ ಹೆಜ್ಜೆಯ ಸಪ್ಪಳ ಅವನಿಗೆ ಗೊತ್ತು.

ನಿನ್ನ
ರೂತ್